ಅರ್ಧಚಂದ್ರ ಪಾವಟಿಗೆಗೆ ಚದರ ಅಡಿಯ ದರ ಸಾಲದು

ಮಾನ್ಯ ಸಂಪಾದಕರೇ,

ಬಾಗಲಕೋಟೆಯ ನವನಗರ, ವಿದ್ಯಾಗಿರಿಗಳಲ್ಲಿಯೂ ಜಮಖಂಡಿ, ಮುಧೋಳದ ಹೊಸ ಬಡಾವಣೆಗಳಲ್ಲಿಯೂ ಈಚೆಗೆ ಕಟ್ಟಿದ ಅನೇಕ ಮನೆಗಳ ಮುಂದೆ ನೇರ ಪಾವಟಿಗೆಗಳ (ಬಾಗಿಲಿಗೆ ಹತ್ತುವ ಮೆಟ್ಟಿಲುಗಳ) ಜಾಗದಲ್ಲಿ ಅರ್ಧಚಂದ್ರಾಕಾರದ ಪಾವಟಿಗೆಗಳು ಬಂದಿವೆ. ಕಾಂಕ್ರೀಟಿನ ಲ್ಯಾಂಡ್‌ಸ್ಕೇಪ್ ಬ್ಲಾಕುಗಳನ್ನು ಬಾಗಿಲಿನ ಸುತ್ತ ಬಳಸಿ ಕೂಡಿಸಿ, ಮೇಲೆ ಪೇವರ್ (ಕಾಂಕ್ರೀಟಿನ ಹಾಸುಬಿಲ್ಲೆ) ಹಾಸಿ ಮುಗಿಸುವ ಈ ಕೆಲಸ ನೋಡುವುದಕ್ಕೆ ಚೆಂದ; ಎರಡು ದಿಕ್ಕಿನಿಂದ ಬರುವವರಿಗೂ ಹತ್ತಲು ಅನುಕೂಲ; ಸಂಜೆ ನಾಲ್ಕು ಜನ ಕೂತು ಮಾತಾಡಲು ಕಟ್ಟೆಯೂ ಆಗುತ್ತದೆ. ಆದರೆ ಎರಡು ಮಳೆಗಾಲ ಕಳೆಯುವುದರೊಳಗೆ ಇವುಗಳಲ್ಲಿ ಬಹಳಷ್ಟು ಮನೆಯ ಗೋಡೆಯಿಂದ ಬೆರಳು ತೂರುವಷ್ಟು ದೂರ ಸರಿದಿರುತ್ತವೆ, ಅಂಚಿನ ಪೇವರ್‌ಗಳು ಕಾಲಿಟ್ಟರೆ ಲಟಕ್ಕೆನ್ನುತ್ತವೆ, ಸಂದಿಗೆ ತುಂಬಿದ ಸಿಮೆಂಟು ಪುಡಿಯಾಗಿ ಎದ್ದಿರುತ್ತದೆ. ಕೇಳಿದರೆ ಮನೆಯವರು ಎರೆನೆಲವನ್ನು, ಎಂದರೆ ಕಪ್ಪು ಮಣ್ಣಿನ ನೆಲವನ್ನು ದೂರುತ್ತಾರೆ, ಗುತ್ತಿಗೆದಾರರು ಕಟ್ಟುವ ಗೌಂಡಿಯನ್ನು ದೂರುತ್ತಾರೆ. ಕಟ್ಟಡದ ಕೆಲಸಗಳ ಮೇಲ್ವಿಚಾರಣೆಯಲ್ಲಿಯೇ ಉದ್ಯೋಗ ಕಳೆದ ನನಗೆ ತೋರುವುದು ಬೇರೆ: ತಪ್ಪು ಇರುವುದು ಕೂಲಿ ಲೆಕ್ಕ ಹಾಕುವ ರೀತಿಯಲ್ಲಿ. ಬಾಗಿದ ಪಾವಟಿಗೆಯನ್ನು ನಾವು ಅಂಗಳದ ಹಾಸಿನಂತೆ ಚದರ ಅಡಿಗೆ ಇಷ್ಟು ಎಂದು ಗುತ್ತಿಗೆ ಕೊಡುತ್ತಿದ್ದೇವೆ. ಅದು ಬಾಳುವುದಕ್ಕೆ ಬೇಕಾದ ಎರಡು ಮುಖ್ಯ ಕೆಲಸಗಳೂ ಆ ಲೆಕ್ಕದೊಳಗೆ ಬರುವುದಿಲ್ಲ.

ಮೊದಲನೆಯದು ನೆಲದೊಳಗಿನ ಕೆಲಸ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗಿ ಬಿರಿಯುತ್ತದೆ ಎಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದಲೇ ಮನೆಯ ಬುನಾದಿಯನ್ನು ಎರೆ ದಾಟಿಸಿ ಗರಸಿನ (ಹರಳು ಬೆರೆತ ಗಟ್ಟಿ ಮಣ್ಣಿನ) ತನಕ, ಸಾಧ್ಯವಾದರೆ ಗಟ್ಟಿ ಕಲ್ಲಿನ ತನಕ ಒಯ್ಯುತ್ತಾರೆ. ಆದರೆ ಆ ಮನೆಗೆ ಹತ್ತುವ ಪಾವಟಿಗೆ ಕೂಡುವುದು ಎಲ್ಲಿ? ಬುನಾದಿ ತೋಡುವಾಗ ಅಗಲವಾಗಿ ತೆಗೆದು, ಗೋಡೆ ಎದ್ದ ಮೇಲೆ ಅದೇ ಎರೆಮಣ್ಣು, ಇಟ್ಟಿಗೆ ಚೂರು, ಸಿಮೆಂಟಿನ ಚೀಲ, ಗಿಲಾವಿನ ಕಸ ಎಲ್ಲವನ್ನೂ ನೂಕಿ ಮುಚ್ಚಿದ ತಗ್ಗಿನ ಮೇಲೆ. ಮನೆ ಅಲ್ಲಾಡುವುದಿಲ್ಲ, ಮುಚ್ಚಿದ ಮಣ್ಣು ಮಾತ್ರ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಪಾವಟಿಗೆಯ ಒಳಬದಿ ಕುಸಿಯುವ ಮಣ್ಣಿನ ಮೇಲೆ, ಹೊರಬದಿ ಅಗೆಯದ ಎರೆಯ ಮೇಲೆ ಇದ್ದರೆ ಅದು ಹಿಂದಕ್ಕೆ ವಾಲಿ, ಮಳೆಯ ನೀರನ್ನು ಹೊರಗೆ ಚೆಲ್ಲುವ ಬದಲು ಗೋಡೆಯ ಬುಡಕ್ಕೇ ಕಳಿಸುತ್ತದೆ. ಮಾಳಿಗೆಯ ನೀರಿನ ಪೈಪನ್ನು ಪಾವಟಿಗೆಯ ಮಗ್ಗುಲಿಗೇ ಇಳಿಸಿದ್ದರಂತೂ ಕೇಳುವುದೇ ಬೇಡ. ನಮ್ಮ ಭಾಗದಲ್ಲಿ ಸೆಪ್ಟೆಂಬರ್ ತಿಂಗಳ ಮಳೆಯೇ ದೊಡ್ಡದು. ಬೇಸಿಗೆಯಲ್ಲಿ ಬಿರಿದ ನೆಲ ಅಷ್ಟರಲ್ಲಿ ಪೂರ್ತಿ ನೆನೆದು ಉಬ್ಬುವುದರಿಂದ ಪಾವಟಿಗೆ ಅಲುಗುವುದೂ ಹೆಚ್ಚಾಗಿ ದಸರೆಯ ಹೊತ್ತಿಗೇ.

ಇದಕ್ಕೆ ಉಪಾಯವೇನೂ ಹೊಸದಲ್ಲ. ಐಐಟಿ ಮುಂಬೈನ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು ಎರೆಯ ಮೇಲೆ ಉಬ್ಬುವ ಗುಣವಿಲ್ಲದ, ಆದರೆ ಅಂಟಿ ಹಿಡಿದುಕೊಳ್ಳುವ ಗುಣವಿರುವ ಮಣ್ಣಿನ ಪದರ ಹಾಕಿದರೆ ಕೆಳಗಿನ ಉಬ್ಬರ ಮೇಲೆ ತಟ್ಟುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದರು. ಎರೆನೆಲದಲ್ಲಿ ಕಾಲುವೆಗೆ ಲೈನಿಂಗ್ (ಒಳಹಾಸು) ಮಾಡುವ ಬಗ್ಗೆ ಇರುವ ಭಾರತೀಯ ಮಾನಕ 9451 ಅದೇ ದಾರಿಯನ್ನು ಹಿಡಿದಿದೆ. ಕಾಲುವೆಗೆ ಬೇಕಾದಷ್ಟು ದಪ್ಪದ ಪದರ ಮನೆಯ ಪಾವಟಿಗೆಗೆ ಬೇಡ. ಮೂರು ಮೆಟ್ಟಿಲಿನ ಪಾವಟಿಗೆಯಾದರೆ ಹೊರಗಿನ ಕಮಾನಿನಾಚೆ, ಎಂದರೆ ಬಾಗಿದ ಅಂಚಿನಾಚೆ ಒಂದು ಅಡಿ ಬಿಟ್ಟು, ಒಂದೂವರೆ ಅಡಿ ಆಳಕ್ಕೆ ಎರೆಯನ್ನೂ ಮುಚ್ಚುಮಣ್ಣನ್ನೂ ತೆಗೆದು ಹಾಕಿ, ಗೋಡೆಗುಂಟ ಇರುವ ಹಳೆಯ ತಗ್ಗನ್ನು ಮಾತ್ರ ಇನ್ನೂ ಕೆಳಗೆ ಕೆದಕಿ ಕಸ ತೆಗೆದು, ಗರಸು ತುಂಬಬೇಕು. ಗರಸನ್ನು ಒಮ್ಮೆಲೇ ಟ್ರ್ಯಾಕ್ಟರಿನಿಂದ ಸುರುವಬಾರದು. ನಾಲ್ಕು ಇಂಚಿನ ಪದರ ಹರವಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟೇ ನೀರು ಚಿಮುಕಿಸಿ, ದಿಮ್ಮಸು (ಮಣ್ಣು ಬಡಿಯುವ ಭಾರದ ಸಾಧನ) ಹೊಡೆದು, ಬೂಟಿನ ಹಿಮ್ಮಡಿ ಊರಿದರೂ ಗುರುತು ಮೂಡದಂತಾದ ಮೇಲೆ ಮುಂದಿನ ಪದರಕ್ಕೆ ಹೋಗಬೇಕು. ಬಾಡಿಗೆಗೆ ಪ್ಲೇಟ್ ಕಂಪ್ಯಾಕ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವರು ಹೊರದೇಶದ ವಿಡಿಯೊಗಳನ್ನು ನೋಡಿ ತಗ್ಗಿನ ತುಂಬ ಬರೀ ಕಡಿ (ಜಲ್ಲಿಕಲ್ಲು) ಸುರಿಯುತ್ತಾರೆ. ಹಿಮ ಬೀಳುವ, ನೀರು ಬೇಗ ಇಂಗುವ ನೆಲಕ್ಕೆ ಆ ಪದ್ಧತಿ ಸರಿ. ನಮ್ಮ ಎರೆಯಲ್ಲಿ ಬರೀ ಕಡಿ ತುಂಬಿದ ತಗ್ಗು ನೀರು ಹೊರಹೋಗಲು ದಾರಿಯಿಲ್ಲದ ತೊಟ್ಟಿಯೇ ಆಗುತ್ತದೆ. ಸುತ್ತಲಿನ ಮಣ್ಣು ತಿಂಗಳುಗಟ್ಟಲೆ ಅದರಿಂದ ನೀರು ಕುಡಿಯುತ್ತದೆ. ಆದ್ದರಿಂದ ಕೆಳಗೆ ಗರಸು, ಬ್ಲಾಕಿನ ಅಡಿಗೆ ಮಾತ್ರ ಪುಡಿ ಬೆರೆತ ಕಡಿಯ ನಾಲ್ಕು ಇಂಚಿನ ಪದರ, ಅದಕ್ಕೂ ಇಳಿಜಾರಿನ ಕಡೆಗೆ ಒಂದು ಬಾಯಿ — ಹೀಗೆ ಮಾಡುವುದು ಲೇಸು.

ಈಗ ಲೆಕ್ಕ ನೋಡಿ. ಹದಿನೆಂಟು ಇಂಚು ಎತ್ತರದ ಪ್ಲಿಂತಿಗೆ (ಮನೆಯ ನೆಲಗಟ್ಟಿಗೆ) ಆರಾರು ಇಂಚಿನ ಮೂರು ಮೆಟ್ಟಿಲು ಬೇಕು. ಕಾಲಿಡುವ ಅಗಲ ಹದಿನಾಲ್ಕು ಇಂಚು, ಮೇಲಿನ ಅರ್ಧಚಂದ್ರದ ತ್ರಿಜ್ಯ 36 ಇಂಚು ಎಂದಿಟ್ಟುಕೊಂಡರೆ, ನಡುವಿನದು 50, ಕೆಳಗಿನದು 64 ಇಂಚು ಆಗುತ್ತದೆ. ಮೇಲೆ ಕಾಣುವ ಹಾಸು ಸುಮಾರು 45 ಚದರ ಅಡಿ. ಅದರ ಕೆಳಗೆ ಮೇಲೆ ಹೇಳಿದ ಅಳತೆಯಲ್ಲಿ ತೋಡಿ ತುಂಬಬೇಕಾದ ಗರಸು ಸುಮಾರು 95 ಘನ ಅಡಿ, ಅದೂ ದಿಮ್ಮಸು ಬಿದ್ದು ಅಡಕವಾದ ಮೇಲಿನ ಅಳತೆ. ಚದರ ಅಡಿಯ ದರ ಒಪ್ಪಿಕೊಂಡ ಗೌಂಡಿಗೆ ಸಿಗುವುದು 45ರ ಕೂಲಿ. 95ರ ದುಡಿತ ಅವನ ಮನೆಯ ಗಂಟು. ಅವನು ಆರು ಇಂಚು ಕೆರೆದು, ಒಂದು ಬುಟ್ಟಿ ಉಸುಕು ಹರವಿ ಮುಂದಕ್ಕೆ ಹೋದರೆ ಅದಕ್ಕೆ ಅವನನ್ನು ಬೈದು ಫಲವಿಲ್ಲ.

ಎರಡನೆಯದು ಬಾಗಿನ ಕೆಲಸ. ಕಮಾನು ಎಳೆಯುವುದೇನೋ ಸುಲಭ: ಬಾಗಿಲಿನ ನಟ್ಟನಡುವೆ, ಗೋಡೆಯ ಬುಡದಲ್ಲಿ ಒಂದು ಕಬ್ಬಿಣದ ಗೂಟ ಹೊಡೆದು, ಅದಕ್ಕೆ ಎಳೆದರೆ ಹಿಗ್ಗದ ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಮೂರು ಗೆರೆ ಹಾಕಿದರಾಯಿತು. ಕೆಲಸ ಮುಗಿಯುವ ತನಕ ಆ ಗೂಟ ಕದಲಬಾರದು, ಏಕೆಂದರೆ ಪ್ರತಿ ಸಾಲಿನ ಪ್ರತಿ ಬ್ಲಾಕಿನ ಮುಖವನ್ನೂ ಅದೇ ದಾರದಿಂದ ತಾಳೆ ನೋಡಬೇಕು. ತಗ್ಗು ತೋಡುವಾಗ ಗೂಟ ಕಿತ್ತು, ಆಮೇಲೆ ಕಣ್ಣಂದಾಜಿನಲ್ಲಿ ಊರಿದ ಕಡೆಗಳಲ್ಲಿ ಮೂರು ಕಮಾನುಗಳು ಮೂರು ದಿಕ್ಕಿಗೆ ಮುಖ ಮಾಡಿರುವುದನ್ನು ಯಾರೂ ನೋಡಬಹುದು. ಹೊರಗೆ ತೆರೆಯುವ ಸೊಳ್ಳೆ ಜಾಲರಿಯ ಬಾಗಿಲು ಇದ್ದರೆ ಮೇಲಿನ ತ್ರಿಜ್ಯ 36 ಇಂಚು ಸಾಲದು, ನಾಲ್ಕು ಅಡಿ ಇಡಬೇಕು. ಇಲ್ಲದಿದ್ದರೆ ಜಾಲರಿ ಎಳೆದವರು ಹಿಂದಿನ ಮೆಟ್ಟಿಲಿಗೆ ಕಾಲು ಜಾರಿಸುವುದು ಖಂಡಿತ.

ಕಷ್ಟ ಶುರುವಾಗುವುದು ಬ್ಲಾಕಿನಿಂದ. ನಮ್ಮಲ್ಲಿ ಎಲ್ಲ ಕಡೆ ಸಿಗುವುದು ಗೋಡೆ ಕಟ್ಟುವ ಚೌಕಟ್ಟಾದ ಬ್ಲಾಕು. ಅದರ ಎಂಟು ಇಂಚಿನ ಎತ್ತರ ಮೆಟ್ಟಿಲಿಗೆ ಹೆಚ್ಚು, ಬಾಗಿಗೆ ಅದರ ಆಕಾರವೂ ಒಗ್ಗದು. ಲ್ಯಾಂಡ್‌ಸ್ಕೇಪ್ ಬ್ಲಾಕು ಎಂದು ಕರೆಯುವುದು ಮುಖ ಅಗಲ, ಬೆನ್ನು ಕಿರಿದು ಇರುವ ಬ್ಲಾಕನ್ನು. ಮುಖ 12 ಇಂಚು, ಬೆನ್ನು 8 ಇಂಚು, ಮುಖದಿಂದ ಬೆನ್ನಿನ ತನಕ ದಪ್ಪ 8 ಇಂಚು ಇರುವ ಬ್ಲಾಕುಗಳನ್ನು ಮಗ್ಗುಲಿಗೆ ಮಗ್ಗುಲು ತಾಗಿಸಿ ಇಟ್ಟರೆ ಮುಖದ ಕಡೆಗೆ ಆಗುವ ತ್ರಿಜ್ಯ 24 ಇಂಚು: ಮುಖವನ್ನು ದಪ್ಪದಿಂದ ಗುಣಿಸಿ, ಮುಖ ಮತ್ತು ಬೆನ್ನಿನ ವ್ಯತ್ಯಾಸದಿಂದ ಭಾಗಿಸಿದರೆ ಅದು ಸಿಗುತ್ತದೆ. ಆ ಬ್ಲಾಕಿನಲ್ಲಿ ಇದಕ್ಕಿಂತ ಸಣ್ಣ ಅರ್ಧಚಂದ್ರ ಕತ್ತರಿಸದೆ ಬರುವುದಿಲ್ಲ, ಇದಕ್ಕಿಂತ ದೊಡ್ಡದು ಮುಖ ಕೂಡಿಸಿ ಬೆನ್ನಿನ ಕಡೆ ಸಂದಿ ಬಿಟ್ಟರೆ ಬರುತ್ತದೆ. ಬ್ಲಾಕು ಕೊಳ್ಳುವ ಮೊದಲು ಅಂಗಡಿಯ ಮುಂದೆಯೇ ಈ ಒಂದು ಲೆಕ್ಕ ಹಾಕಿ ನೋಡುವವರು ಎಷ್ಟು ಜನ? ಮೇಲಿನ ಅಳತೆಯ ಪಾವಟಿಗೆಗೆ ಕೆಳಸಾಲಿನಲ್ಲಿ 17, ನಡುವೆ 14, ಮೇಲೆ 10 ಬ್ಲಾಕು ಬೇಕಾಗುತ್ತವೆ, ಗೋಡೆಗೆ ತಾಗುವ ತುದಿಯವನ್ನು ಕತ್ತರಿಸಬೇಕಾಗುತ್ತದೆ. ಬೆನ್ನಿನ ಸಂದಿಗಳಿಗೆ ಸಣ್ಣ ಕಡಿ ತುಂಬಿ ತಟ್ಟಬೇಕೇ ಹೊರತು ಸಿಮೆಂಟು ಸುರಿಯಬಾರದು. ಎರೆನೆಲದಲ್ಲಿ ಬ್ಲಾಕಿನ ಕೆಲಸಕ್ಕೆ ಇರುವ ದೊಡ್ಡ ಗುಣವೇ ಅದು ಒಣಜೋಡಣೆಯಾಗಿ ನೆಲದೊಂದಿಗೆ ಕೂದಲೆಳೆಯಷ್ಟು ಏರಿಳಿದು ಮತ್ತೆ ಕೂಡುವುದು. ಸಿಮೆಂಟು ತುಂಬಿದರೆ ಆ ಗುಣವನ್ನು ನಾವೇ ಕಿತ್ತುಕೊಂಡಂತೆ.

ಎತ್ತರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ಸಾಲಿನ ಬ್ಲಾಕಿನ ತಲೆಯ ಮಟ್ಟಕ್ಕೆ ಒಳಗಡೆ ತುಂಬಿ ಗಟ್ಟಿ ಮಾಡಿ, ಅದರ ಮೇಲೆ ಮುಂದಿನ ಸಾಲು ಕೂಡಿಸಿದರೆ ಒಳಗಿನ ಮೆಟ್ಟಿಲುಗಳ ಎತ್ತರ ತಾನಾಗಿಯೇ ಬ್ಲಾಕಿನ ಎತ್ತರಕ್ಕೆ ಸಮನಾಗುತ್ತದೆ. ಮೊದಲ ಮೆಟ್ಟಿಲಿಗೆ ಮಾತ್ರ ಮೇಲೆ ಹಾಕುವ ಪೇವರಿನ ದಪ್ಪ ಸೇರಿಕೊಳ್ಳುತ್ತದೆ. ಆದ್ದರಿಂದ 60 ಮಿ.ಮೀ. ಪೇವರ್ ಹಾಕುವುದಾದರೆ ಮೊದಲ ಸಾಲಿನ ಬ್ಲಾಕನ್ನು ಅಂಗಳದ ಮುಗಿದ ಮಟ್ಟಕ್ಕಿಂತ ಅಷ್ಟೇ ಕೆಳಗೆ ಇಳಿಸಬೇಕು. ಮುಗಿದ ಮಟ್ಟ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮಲ್ಲಿ ಪಾವಟಿಗೆ ಮೊದಲು, ಅಂಗಳದ ಫರ್ಸಿ (ಹಾಸುಗಲ್ಲು) ಆಮೇಲೆ. ಫರ್ಸಿ ಬಿದ್ದ ಮೇಲೆ ಆರು ಇಂಚಿನ ಮೊದಲ ಮೆಟ್ಟಿಲು ನಾಲ್ಕು ಇಂಚು ಆಗಿರುತ್ತದೆ, ಮೇಲಿನವು ಆರೇ ಇರುತ್ತವೆ. ವಯಸ್ಸಾದವರು ಎಡವುವುದು ಎತ್ತರದ ಮೆಟ್ಟಿಲಿಗಿಂತ ಹೆಚ್ಚಾಗಿ ಇಂಥ ಒಂದೊಂದು ಒಂದೊಂದು ಎತ್ತರದ ಮೆಟ್ಟಿಲುಗಳಲ್ಲಿ. (ಹಳೆಯ ಡಾಂಬರು ಕೀಳದೆ ಅದರ ಮೇಲೆಯೇ ಮತ್ತೆ ಡಾಂಬರು ಹಾಕಿ ರಸ್ತೆ ಎತ್ತರಿಸುತ್ತ ಹೋಗುವ ಪದ್ಧತಿಯಿಂದ ಬೀದಿಗೆ ತಾಗಿದ ಮನೆಗಳ ಮೊದಲ ಮೆಟ್ಟಿಲು ಪೂರ್ತಿ ಹೂತು ಹೋಗುತ್ತಿರುವುದು ಬೇರೆಯೇ ಪತ್ರದ ವಿಷಯ.)

ಇನ್ನು ಪೇವರ್. ಅಂಗಡಿಯಲ್ಲಿ ಸಿಗುವುದು 200 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಆಯತ. ಅದನ್ನು ಮೆಟ್ಟಿಲಿನ ಅಂಚಿಗೆ ಸಾಲಾಗಿ, ಉದ್ದವನ್ನು ಒಳಮುಖ ಮಾಡಿ ಇಟ್ಟರೆ, 36 ಇಂಚು ತ್ರಿಜ್ಯದ ಕಮಾನಿನಲ್ಲಿ ಒಳತುದಿಗಳು ತಾಗಿದಾಗ ಹೊರತುದಿಗಳ ನಡುವೆ ಹೆಚ್ಚು ಕಡಿಮೆ 28 ಮಿ.ಮೀ. ಬಾಯಿ ಬಿಡುತ್ತದೆ. ಸರಿಯಾಗಿ ಮಾಡಬೇಕೆಂದರೆ ಪ್ರತಿ ಪೇವರಿನ ಒಳತುದಿಯನ್ನು ಎರಡೂ ಮಗ್ಗುಲಿಗೆ 11 ಮಿ.ಮೀ.ನಷ್ಟು ಸವರಿ ಬೆಣೆಯಾಕಾರಕ್ಕೆ ತರಬೇಕು. 64 ಇಂಚಿನ ಕಮಾನಿನಲ್ಲಿ ಸವರುವುದು ಆರು ಮಿ.ಮೀ. ಸಾಕು. ಮೂರೂ ಅಂಚು ಸೇರಿ ಸುಮಾರು 120 ಪೇವರ್, ಪ್ರತಿಯೊಂದಕ್ಕೂ ಎರಡು ಕೊಯ್ತ. ಎಂದರೆ 240 ಸಲ ಕಟ್ಟರ್ ಹಿಡಿಯುವ ಕೆಲಸ, ಬ್ಲೇಡಿನ ಸವೆತ ಬೇರೆ, ಒಡೆದು ಹಾಳಾಗುವ ಪೇವರ್ ಬೇರೆ. ಚದರ ಅಡಿಯ ದರದಲ್ಲಿ ನೇರ ಅಂಗಳಕ್ಕೂ ಈ ಅಂಚಿಗೂ ಒಂದೇ ಕೂಲಿ. ಹಾಗಾಗಿ ಗೌಂಡಿ ಕೊಯ್ಯುವುದಿಲ್ಲ, ಬಾಯಿ ಬಿಟ್ಟಲ್ಲಿ ಸಿಮೆಂಟು ಮೆತ್ತಿ ಗೆರೆ ಎಳೆದು, ಮೇಲೆ ಬಣ್ಣ ಬಳಿಯುತ್ತಾನೆ. ಒಂದು ಬೇಸಿಗೆಯ ಬಿಸಿಲಿಗೆ ಅದು ಬಿಟ್ಟುಕೊಳ್ಳುತ್ತದೆ.

ಬಾಗನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಯೂ ಇಲ್ಲ. ಐಹೊಳೆಯ ದುರ್ಗಾ ಗುಡಿಯ ಹಿಂಬದಿ ಗಜಪೃಷ್ಠಾಕಾರದ್ದು, ಎಂದರೆ ಆನೆಯ ಬೆನ್ನಿನಂತೆ ಬಾಗಿದ್ದು. ಅಲ್ಲಿ ಎತ್ತರದ ಅಧಿಷ್ಠಾನದ (ಗುಡಿ ನಿಂತ ಪೀಠದ) ಪಟ್ಟಿಗಳು ಗೋಡೆಯೊಂದಿಗೆ ಹೇಗೆ ಬಳಸಿಕೊಂಡು ಹೋಗಿವೆ, ಕಲ್ಲಿಗೆ ಕಲ್ಲು ಸೇರುವ ಕಡೆ ಸಂದಿ ಎಷ್ಟು ಸಣ್ಣದಿದೆ ಎಂಬುದನ್ನು ಕೆಳಗೆ ಕೂತು ನೋಡಿದರೆ, ಬಾಗನ್ನು ಕಲ್ಲಿನಲ್ಲೇ ಕಡೆದರು, ಸಂದಿಯಲ್ಲಿ ತುಂಬಲಿಲ್ಲ ಎಂಬುದು ತಿಳಿಯುತ್ತದೆ.

ಕೊಯ್ಯುವ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಇಳಕಲ್ಲಿನ ಗ್ರಾನೈಟ್ ಘಟಕಗಳಲ್ಲಿ ಕಲ್ಲು ಕೊಯ್ಯುವ ಗರಗಸದ ಮೇಲೆ ನೀರು ಹರಿಯುತ್ತಿರುತ್ತದೆ. ಮನೆಯ ಮುಂದಿನ ಕೆಲಸದಲ್ಲಿ ಮಾತ್ರ ಹುಡುಗರು ಮೂಗಿಗೆ ಟವೆಲ್ ಸುತ್ತಿಕೊಂಡು, ಬಿಳಿ ಧೂಳಿನ ಮೋಡದೊಳಗೆ ಕೂತು ಒಣ ಕಟ್ಟರಿನಿಂದ ಕಾಂಕ್ರೀಟು ಕೊಯ್ಯುತ್ತಾರೆ. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದು ತರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದು ಇಲ್ಲ. ಟವೆಲು ಆ ಸಣ್ಣ ಧೂಳನ್ನು ತಡೆಯುವುದಿಲ್ಲ. ಪೈಪಿನಿಂದ ಸಣ್ಣಗೆ ನೀರು ಬಿಡಲು ಒಬ್ಬ ಆಳು, ತಕ್ಕ ಮಾಸ್ಕು — ಇವುಗಳ ಖರ್ಚನ್ನು ಮನೆಯವರೇ ಕೊಡುತ್ತೇವೆಂದು ಮೊದಲೇ ಹೇಳಿಬಿಡಬೇಕು.

ಅಂಚಿನ ಪೇವರ್ ಬ್ಲಾಕಿನ ಮುಖಕ್ಕಿಂತ ಒಂದು ಇಂಚಿನಷ್ಟು ಮುಂದೆ ಚಾಚಿರಬೇಕು, ಮತ್ತು ಅದನ್ನು ಬ್ಲಾಕಿಗೆ ಹೊರಾಂಗಣಕ್ಕೆಂದೇ ಬರುವ ಅಂಟಿನಿಂದ ಕೂಡಿಸಬೇಕು. ತೆಳುವಾದ ಸಿಮೆಂಟಿನ ಲೇಪ ನಮ್ಮ ಏಪ್ರಿಲ್ ಬಿಸಿಲಿಗೆ ತಡೆಯದು. ಅಂಟು ಹಚ್ಚುವ ಜಾಗದಲ್ಲಿ ಧೂಳಿರಬಾರದು, ಕೆಲಸ ಬೆಳಗಿನ ಹೊತ್ತಿನಲ್ಲಿಯೇ ನಡೆಯಬೇಕು, ಮಧ್ಯಾಹ್ನದ ಕಾದ ಬ್ಲಾಕಿನ ಮೇಲೆ ಅಂಟು ಹಿಡಿಯುವ ಮೊದಲೇ ಕೆನೆಗಟ್ಟುತ್ತದೆ. ಒಳಗಿನ ಪೇವರ್‌ಗಳಿಗೆ ಒಂದು ಇಂಚು ಉಸುಕಿನ ಹಾಸಿಗೆ ಸಾಕು, ಅದಕ್ಕಿಂತ ದಪ್ಪ ಬೇಡ. ಪ್ರತಿ ಮೆಟ್ಟಿಲಿನ ಹಾಸು ಮುಂದಕ್ಕೆ ಐದು ಮಿ.ಮೀ.ನಷ್ಟು ಇಳಿಜಾರಿರಲಿ. ಭಾರತೀಯ ಮಾನಕ 15658ರ ಪ್ರಕಾರ ವಾಹನ ಓಡದ ಕಡೆಗೆ 50 ಮಿ.ಮೀ. ದಪ್ಪದ, ಎಂ-30 ದರ್ಜೆಯ (ಕಾಂಕ್ರೀಟಿನ ಗಟ್ಟಿತನದ ಅಳತೆ) ಪೇವರ್ ನಡೆಯುತ್ತದೆ. ಅಂಚಿಗೆ ಕೊಯ್ದು ಇಡುವುದರಿಂದ 60 ಮಿ.ಮೀ. ತೆಗೆದುಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು. ಬಣ್ಣ ತಿಳಿಯಾಗಿರಲಿ. ನಾವು ಚಪ್ಪಲಿ ಬಿಡುವುದು ಕೆಳಗಿನ ಮೆಟ್ಟಿಲಿನ ಹತ್ತಿರ, ಹತ್ತುವುದು ಬರಿಗಾಲಿನಲ್ಲಿ. ಮೇ ತಿಂಗಳ ಎರಡು ಗಂಟೆಗೆ ಕಪ್ಪು ಪೇವರಿನ ಮೇಲೆ ಕಾಲಿಟ್ಟವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನುಣುಪು ಮಾಡಿದ ಶಹಾಬಾದ್ ಫರ್ಸಿಯನ್ನು ಮೆಟ್ಟಿಲಿಗೆ ಹಾಕುವುದು ಇದಕ್ಕಿಂತಲೂ ಕೆಟ್ಟದ್ದು, ನೀರು ಬಿದ್ದರೆ ಜಾರುತ್ತದೆ.

ಸಂದಿಗೆ ಸಣ್ಣ ಒಣ ಉಸುಕನ್ನು ಗುಡಿಸಿ ತುಂಬುತ್ತಾರೆ, ಆದರೆ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಎದ್ದು ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕುವುದರಿಂದ, ಈಗೀಗ ಪೈಪು ಹಿಡಿದೇ ತೊಳೆಯುವುದರಿಂದ, ಆ ಉಸುಕು ದಿನಕ್ಕಿಷ್ಟು ಕೊಚ್ಚಿ ಹೋಗುತ್ತದೆ. ಅದಕ್ಕಾಗಿ ಸಿಮೆಂಟು ಹಾಕಬೇಕಾಗಿಲ್ಲ; ದೀಪಾವಳಿಗೆ ಮನೆ ಸಾರಿಸುವಾಗ ಒಂದು ಬುಟ್ಟಿ ಉಸುಕು ತಂದು ಮತ್ತೆ ಗುಡಿಸಿ ತುಂಬಿದರೆ ವರ್ಷವೊಪ್ಪತ್ತು ಚಿಂತೆಯಿಲ್ಲ.

ಖಾಸಗಿ ಮನೆಯವರು ತಮ್ಮ ದುಡ್ಡು ಕಳೆದುಕೊಂಡರೆ ಅದು ಅವರ ಪಾಡು ಎನ್ನಬಹುದು. ಉದ್ಯಾನ, ಕಲ್ಯಾಣ ಮಂಟಪ, ಸಾರ್ವಜನಿಕ ಕಟ್ಟಡಗಳ ಮುಂದೆಯೂ ಇಂಥ ಪಾವಟಿಗೆಗಳು ಬರತೊಡಗಿರುವುದರಿಂದ ಈ ಪತ್ರ ಬರೆಯಬೇಕಾಯಿತು. ನಗರದ ಒಂದು ಉದ್ಯಾನದಲ್ಲಿ ಬಾಗಿದ ಮೆಟ್ಟಿಲುಗಳ ಅಂಚು ಕಿತ್ತು, ಸಂಜೆ ವಾಯುವಿಹಾರಕ್ಕೆ ಬರುವ ಹಿರಿಯರು ಪಕ್ಕದ ಹುಲ್ಲಿನ ಮೇಲೆ ಇಳಿದು ಹೋಗುವುದನ್ನು ನಾನು ನೋಡುತ್ತಿದ್ದೇನೆ. ಸಾರ್ವಜನಿಕ ಕೆಲಸದ ಅಂದಾಜುಪಟ್ಟಿಯಲ್ಲಿಯೂ ಪೇವರ್ ಹಾಸುವುದಕ್ಕೆ ಚದರ ಮೀಟರಿನ ಒಂದು ಬಾಬ್ತು ಇದ್ದು, ಅದರೊಳಗೇ ಎಲ್ಲವೂ ಅಡಕವೆಂದು ತಿಳಿಯುವುದರಿಂದ ಅಲ್ಲಿಯೂ ಇದೇ ಕಥೆ. ಅಂಥ ಕಡೆ ಮೆಟ್ಟಿಲಿನ ಎತ್ತರ 150 ಮಿ.ಮೀ. ಮೀರದಂತೆ, ಕಾಲಿಡುವ ಅಗಲ 300 ಮಿ.ಮೀ.ಗೆ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಅಂಚಿಗೆ ಬೇರೆ ಬಣ್ಣದ ಸಾಲು ಕೊಡುವುದು ಇವು ಕನಿಷ್ಠ. ಅಗಲವಾದ ಅರ್ಧಚಂದ್ರದಲ್ಲಿ ಗೋಡೆಗೆ ಹತ್ತಿದ ಕಂಬಿ ನಡುವೆ ಹತ್ತುವವರ ಕೈಗೆ ಎಟುಕುವುದಿಲ್ಲವಾದ್ದರಿಂದ ಕಂಬಿಯನ್ನು ನಟ್ಟನಡುವೆಯೇ ನಿಲ್ಲಿಸಬೇಕು. ಮಗ್ಗುಲಿಗೆ ಇಳಿಜಾರು ದಾರಿಯಂತೂ ಇರಲೇಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಅದು ಯಾರ ಕೃಪೆಯ ಮಾತೂ ಅಲ್ಲ.

ಆದ್ದರಿಂದ ಸಂಬಂಧಪಟ್ಟ ಎಂಜಿನಿಯರುಗಳಲ್ಲಿ ನನ್ನ ವಿನಂತಿ ಇಷ್ಟೆ. ಬಾಗಿದ ಪಾವಟಿಗೆಯ ಅಂದಾಜುಪಟ್ಟಿಯಲ್ಲಿ ಅಗೆತ ಮತ್ತು ಗರಸನ್ನು ಘನ ಮೀಟರಿನಲ್ಲಿ, ಅಂಚಿನ ಕೊಯ್ತವನ್ನು ಕಮಾನಿನ ಉದ್ದದ ಮೀಟರಿನಲ್ಲಿ, ಉಳಿದ ಹಾಸನ್ನು ಮಾತ್ರ ಚದರ ಮೀಟರಿನಲ್ಲಿ ಬೇರೆ ಬೇರೆಯಾಗಿ ತೋರಿಸಿರಿ; ಗರಸಿನ ಪದರಗಳನ್ನು ಮುಚ್ಚುವ ಮೊದಲೇ ಅಳತೆ ಪುಸ್ತಕದಲ್ಲಿ ನಮೂದಿಸಿ, ಅಳತೆಪಟ್ಟಿ ಹಿಡಿದು ಫೋಟೊ ತೆಗೆದು ಬಿಲ್ಲಿಗೆ ಲಗತ್ತಿಸಿರಿ. ಮನೆ ಕಟ್ಟಿಸುವವರು ಇಷ್ಟೆಲ್ಲ ಬರೆಯಬೇಕಾಗಿಲ್ಲ. ತೋಡುವುದನ್ನೂ ದಿಮ್ಮಸು ಹೊಡೆಯುವುದನ್ನೂ ದಿನಗೂಲಿಗೆ ಹಚ್ಚಿ, ಅಂಚಿನ ಕೊಯ್ತಕ್ಕೆ ಅಡಿಗಿಷ್ಟು ಎಂದು ಬೇರೆ ಮಾತಾಡಿ, ನೇರ ಹಾಸನ್ನು ಬೇಕಾದರೆ ಚದರ ಅಡಿಯ ದರಕ್ಕೆ ಕೊಡಲಿ. ಮತ್ತು ಕಾಮಗಾರಿಯ ಆರಂಭ ಹೋಳಿಹುಣ್ಣಿಮೆಯ ಆಚೀಚೆ, ನೆಲ ಒಣಗಿ ಬಿರುಕು ಪೂರ್ತಿ ಬಾಯಿ ಬಿಡುವ ಮೊದಲು ಆಗಲಿ. ಮಳೆಗಾಲಕ್ಕೆ ಮೊದಲೇ ಮಾಳಿಗೆಯ ನೀರಿನ ಪೈಪನ್ನು ಪಾವಟಿಗೆಯಿಂದ ಕನಿಷ್ಠ ಐದಾರು ಅಡಿ ದೂರ ಒಯ್ದು ಬಿಡಲಿ.

ತಮ್ಮ ವಿಶ್ವಾಸಿ,
ನಿವೃತ್ತ ಕಟ್ಟಡ ಮೇಲ್ವಿಚಾರಕ,
ನವನಗರ, ಬಾಗಲಕೋಟೆ